ಹಂಪಿಯ ವಿರೂಪಾಕ್ಷ ಬಜಾರು: ಪೇಟೆಯೋ, ತೇರುಬೀದಿಯೋ?

ವಿರೂಪಾಕ್ಷ ದೇವಾಲಯದ ಹೆಬ್ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಮುಂದಿನ ಬೀದಿ ನೆಟ್ಟಗೆ ಪೂರ್ವಕ್ಕೆ ಹೊರಟು, ಸುಮಾರು ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಮಾತಂಗ ಬೆಟ್ಟದ ಬುಡದ ಬಂಡೆಗಳ ಬಳಿ ಮುಗಿಯುತ್ತದೆ. ಆ ತುದಿಯಲ್ಲಿ ಏಕಶಿಲೆಯ ದೊಡ್ಡ ಬಸವ ದೇವರತ್ತಲೇ ಮುಖ ಮಾಡಿ ಕುಳಿತಿದೆ. ಊರವರಿಗೆ ಅದು ಎದುರು ಬಸವಣ್ಣ. ಎರಡೂ ಮಗ್ಗುಲಲ್ಲಿ ಕಲ್ಲು ಮಂಟಪಗಳ ಸಾಲು. ಎಲ್ಲರೂ ಇದನ್ನು ಬಜಾರು ಎಂದೇ ಕರೆಯುವುದರಿಂದ, ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದ ಜಾಗ ಇದೇ ಎಂಬ ನಂಬಿಕೆ ಬೇರೂರಿದೆ. ಆ ನಂಬಿಕೆ ಅಷ್ಟು ಸಲೀಸಾಗಿ ನಿಲ್ಲುವಂಥದಲ್ಲ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಗುಡಿಯ ಮುಂದಿನ ಬೀದಿಯನ್ನು ಹೊಗಳುತ್ತಾನೆ. ಮೊಗಸಾಲೆ, ಉಪ್ಪರಿಗೆಗಳಿರುವ ಚೆಲುವಾದ ಮನೆಗಳು, ಯಾತ್ರಿಕರು ತಂಗುವುದು ಅಲ್ಲಿ, ಶ್ರೀಮಂತರಿಗೂ ಬಿಡಾರಗಳುಂಟು, ರಾಜ ದೇವರ ದರ್ಶನಕ್ಕೆ ಬಂದಾಗ ಉಳಿಯಲು ಅದೇ ಬೀದಿಯಲ್ಲಿ ಒಂದು ಅರಮನೆ. ಅಂಗಡಿಯ ಮಾತೇ ಇಲ್ಲ! ಮಾಣಿಕ್ಯ, ವಜ್ರ, ಮುತ್ತಿನ ವ್ಯಾಪಾರವನ್ನೂ ನಿಂಬೆ, ದ್ರಾಕ್ಷಿ, ಕಟ್ಟಿಗೆ, ಸಾಧಾರಣ ಕುದುರೆಗಳು ಬಿಕರಿಯಾಗುವ ಸಂಜೆಸಂತೆಯನ್ನೂ ಅವನು ಬಣ್ಣಿಸುವುದು ನಗರದ ಬೇರೊಂದು ಬೀದಿಯ ವಿಚಾರವಾಗಿ. 1443ರಲ್ಲಿ ಬಂದಿದ್ದ ಅಬ್ದುಲ್ ರಜಾಕ್ ಕೂಡ ಬಜಾರುಗಳನ್ನು ಕಂಡದ್ದು ಅರಮನೆಯ ಆಸುಪಾಸಿನಲ್ಲಿ.

ಪೇಟೆಯ ಬೀದಿಗೆ ಅಂದಿನವರು ಏನೆನ್ನುತ್ತಿದ್ದರು ಎಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಇಮ್ಮಡಿ ದೇವರಾಯ 1426ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಶಾಸನ, ಆ ಬಸದಿ ಇರುವುದು ‘ಪರ್ಣಪೂಗೀಫಲಾಪಣ’ ಬೀದಿಯಲ್ಲಿ ಎನ್ನುತ್ತದೆ. ಪರ್ಣವೆಂದರೆ ಎಲೆ, ಪೂಗೀಫಲ ಅಡಿಕೆ, ಆಪಣ ಅಂಗಡಿ. ಎಲೆಅಡಿಕೆ ಅಂಗಡಿಬೀದಿ ಎಂಬ ಸಾದಾ ಹೆಸರಿಗೆ ಶಾಸನಕವಿ ಸಂಸ್ಕೃತದ ಜರತಾರಿ ಉಡಿಸಿದ್ದಾನೆ, ಅಷ್ಟೆ. ಈಗಲೂ ಅದು ಪಾನ್ ಸುಪಾರಿ ಬಜಾರು.

ವಿರೂಪಾಕ್ಷನ ಬೀದಿಯ ಕಟ್ಟಡಗಳು ಏನು ಹೇಳುತ್ತವೆ? ಒಂದು ಮಂಟಪದ ಬಳಿ ಕೂತು ನೋಡಬೇಕು. ನೆಲದಿಂದ ಎತ್ತರಿಸಿದ ಜಗಲಿ, ಅದರ ಮೇಲೆ ಗ್ರಾನೈಟ್ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸಿದ ಚಪ್ಪಡಿ. ಕೆಲವು ಕಲ್ಲುಗಳ ಅಂಚಿನಲ್ಲಿ ಬೆಣೆ ಹೊಡೆದು ಬಂಡೆ ಸೀಳಿದ ಚೌಕ ಗುಣಿಗಳ ಸಾಲು ಹಾಗೇ ಉಳಿದಿದೆ. ಅದನ್ನು ಉಜ್ಜಿ ಅಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಬೀದಿಯ ಕಡೆಗೆ ಪೂರ್ತಿ ತೆರೆದ ಇಂಥ ಸಾಲು ಬೆಳಿಗ್ಗೆ ಅಂಗಡಿಯಾಗಬಹುದು, ರಾತ್ರಿ ಯಾತ್ರಿಕರ ಚಾಪೆಗೂ ಜಾಗವಾಗಬಹುದು, ತೇರಿನ ದಿನ ನೋಡುಗರ ಅಟ್ಟಣಿಗೆಯೂ ಆಗಬಹುದು. ಹೆಚ್ಚಿನವು ಒಂದೇ ಅಂತಸ್ತಿನವು. ಪೂರ್ವದ ತುದಿಯಲ್ಲಿ ಎರಡಂತಸ್ತಿನ ಮಂಟಪವೊಂದಿದೆ.

ಬೀದಿಯ ಅಗಲವನ್ನು ಗೊತ್ತುಮಾಡಿದ್ದು ಗಿರಾಕಿಗಳಲ್ಲ, ತೇರಿನ ಗಾಲಿ ಎಂಬುದೇ ಈ ಲೇಖನದ ವಾದ. ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದೆಯೂ ಇದೇ ಅಚ್ಚು: ಗೋಪುರದ ನೇರಕ್ಕೆ ವಿಶಾಲ ಬೀದಿ, ಮಗ್ಗುಲಲ್ಲಿ ಕಂಬಸಾಲು. ವಿಠ್ಠಲ ಬಜಾರಿನ ಮಂಟಪವೊಂದರ ಕಂಬಗಳಲ್ಲಿ ಕುದುರೆ ಸವಾರರಿದ್ದಾರೆಂದು ಅದನ್ನೇ ಕುದುರೆ ಸಂತೆ ಎನ್ನುವವರಿದ್ದಾರೆ. ಆ ಲೆಕ್ಕದಲ್ಲಿ ಯಾಳಿ ಕೆತ್ತಿದ ಕಡೆಯೆಲ್ಲ ಯಾಳಿ ಮಾರಬೇಕಿತ್ತು.

ವಿಚಿತ್ರವೆಂದರೆ, ಈ ಬೀದಿ ನಿಜವಾಗಿ ಬಜಾರಾದದ್ದು ನಮ್ಮ ಕಾಲದಲ್ಲಿ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಜನ ಸಂಸಾರ ಹೂಡಿದರು. ಹೂಕಾಯಿ ಅಂಗಡಿ, ಹೋಟೆಲು ಬಂದವು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ಜುಲೈನಲ್ಲಿ ಆಡಳಿತ ಈ ಮನೆ ಅಂಗಡಿಗಳನ್ನು ಕೆಡವಿಸಿತು; ನಿವಾಸಿಗಳಿಗೆ ಕಡ್ಡಿರಾಂಪುರದ ಬಳಿ ನಿವೇಶನ ತೋರಿಸಲಾಯಿತು. ಸ್ಮಾರಕವನ್ನು ಅತಿಕ್ರಮಣದಿಂದ ಬಿಡಿಸಬೇಕೆಂಬುದು ಅಧಿಕೃತ ಸಮರ್ಥನೆ. ಆದರೆ ಪಾಯೆಸ್ ಕಂಡದ್ದು ಜನ ಇಳಿದುಕೊಂಡಿದ್ದ ಬೀದಿಯನ್ನು, ಖಾಲಿ ಕಂಬಸಾಲನ್ನಲ್ಲ.

ವರ್ಷವಿಡೀ ಬಿಕೋ ಎನ್ನುವ ಈ ಜಗಲಿಗಳು ಚೈತ್ರದ ಜೋಡಿ ರಥೋತ್ಸವದಂದು ಮತ್ತೆ ತುಂಬುತ್ತವೆ. ಕಂಬಗಳ ನಡುವೆ ಜನ ಒತ್ತೊತ್ತಾಗಿ ನಿಂತು, ಉತ್ತತ್ತಿ, ಬಾಳೆಹಣ್ಣನ್ನು ತೇರಿನತ್ತ ಎಸೆಯುತ್ತಾರೆ.