ಪಹಣಿ ಕನ್ನಡದಲ್ಲಿ ಬರೋಕೆ ಒಂದು ಲೈಬ್ರರಿ ಬೇಕಿತ್ತು

ವಿಜಯಪುರ ಹೋಬಳಿಯವರು ದೇವನಹಳ್ಳಿ ತಾಲ್ಲೂಕು ಕಚೇರಿಗೆ ಹೋಗಿ, 15 ರೂಪಾಯಿ ಕೊಟ್ಟು ಮೊದಲ ಸಲ ಕಂಪ್ಯೂಟರ್ ಪಹಣಿ ತಂದದ್ದು 2000ದ ದಶಕದ ಆರಂಭದಲ್ಲಿ. ಅಲ್ಲಿವರೆಗೆ ಪಹಣಿ ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಕೈಬರಹ. ‘ಭೂಮಿ’ ಯೋಜನೆ ಬಗ್ಗೆ ಬರೆದವರೆಲ್ಲ ಲಂಚ ಕಡಿಮೆಯಾದದ್ದನ್ನು ಬರೆದರು. ಇಂಗ್ಲಿಷ್ ಮಾತ್ರ ಬರುತ್ತಿದ್ದ ಆ ಕಂಪ್ಯೂಟರಿಗೆ ಸರ್ವೆ ನಂಬರಿನ ಪಕ್ಕ ರೈತನ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದ್ದು ಯಾರು ಅಂತ ಹೆಚ್ಚು ಜನ ಕೇಳಲಿಲ್ಲ.

ಭೂಮಿ ತಂತ್ರಾಂಶ ಮಾಡಿದ್ದು ಎನ್‌ಐಸಿ. ಕನ್ನಡಕ್ಕೆ ಅವರು ಬಳಸಿದ್ದು ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಐಎಸ್‌ಎಂ. ಇಂಥದ್ದು ಬೇರೆ ತಂತ್ರಾಂಶದ ಬೆನ್ನಿಗೆ ಸೇರಿಸುವ ಸಾಧನ. ಹೀಗೆ ಬೇರೆ ತಂತ್ರಾಂಶ ಕರೆದಾಗ ಬಂದು ಒಂದೇ ಕೆಲಸ ಮಾಡಿಕೊಡುವ ಕಡತಗಳಿಗೆ ಲೈಬ್ರರಿ ಅನ್ನುತ್ತಾರೆ. ಪುಸ್ತಕದ ಲೈಬ್ರರಿಗೂ ಇದಕ್ಕೂ ಸಂಬಂಧವಿಲ್ಲ.

ತಂತ್ರಾಂಶ ಬರೆಯುವವರ ಮೆಷಿನ್ನಿನಲ್ಲಿ ಲೈಬ್ರರಿ ಮೊದಲೇ ಇರುತ್ತದೆ, ಎಲ್ಲ ಸರಿಯಾಗಿ ಕಾಣುತ್ತದೆ. ಅದೇ ತಂತ್ರಾಂಶವನ್ನು ತಾಲ್ಲೂಕಿಗೆ ಒಯ್ದರೆ? ಲೈಬ್ರರಿ ಜೊತೆಗೆ ಹೋಗದಿದ್ದರೆ ಕನ್ನಡವೂ ಹೋಗುವುದಿಲ್ಲ. 177 ತಾಲ್ಲೂಕುಗಳಲ್ಲೂ ಅದನ್ನು ಕೂರಿಸಲೇಬೇಕಿತ್ತು.

ಸಿ-ಡ್ಯಾಕ್‌ಗೆ ಈ ಕೆಲಸ ಹಳೆಯದು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನ ಒಳಗೆ ಸಿಕ್ಕಿಸಿದರೆ ಡಾಸ್ ಕಾಲದ ತಂತ್ರಾಂಶಗಳಲ್ಲೂ ಭಾರತೀಯ ಅಕ್ಷರ ಮೂಡುತ್ತಿತ್ತು. ಆಮೇಲೆ ಕಾರ್ಡು ಹೋಗಿ ಸಿಡಿ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅದಾದ ಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಡಿಟಿಪಿ ಅಂಗಡಿಗಳು ಬದುಕಿದ್ದೇ ಇವುಗಳಿಂದ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುವೆ ಪತ್ರಿಕೆ ಮಂತ್ರ ಬರೆದ ತಗಡಿನ ಹಾಗೆ ಕಾಣುತ್ತಿತ್ತು.

1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಅಷ್ಟೇ ಸಾಲದು. ‘ಅಕ್ಕ’ ಅನ್ನುವಾಗ ಎರಡನೇ ಕಕಾರವನ್ನು ಕೆಳಗಿಳಿಸಿ ಒತ್ತು ಮಾಡಲು ಒಬ್ಬರು ಬೇಕು. ಇಲ್ಲದಿದ್ದರೆ ‘ಅಕ್‌ಕ’. ಆಗಿನ ವಿಂಡೋಸ್‌ನಲ್ಲಿ ಆ ಕೆಲಸ ಯುಎಸ್‌ಪಿ10 ಎಂಬ ಲೈಬ್ರರಿಯದಾಗಿತ್ತು. 2001ರ ಎಕ್ಸ್‌ಪಿಯಲ್ಲಿ ಕನ್ನಡದ ತುಂಗಾ ಫಾಂಟ್ ಬಂತು. ಆದರೂ ಸೆಟ್ಟಿಂಗ್‌ಗೆ ಹೋಗಿ, ಸಂಕೀರ್ಣ ಲಿಪಿಗಳ ಮುಂದೆ ಟಿಕ್ ಹಾಕಿ, ವಿಂಡೋಸ್ ಸಿಡಿ ಹಾಕಬೇಕು. ಅಂಗಡಿಯವನ ಹತ್ತಿರ ಸಿಡಿ ಇಲ್ಲದಿದ್ದರೆ ಕಥೆ ಮುಗಿಯಿತು.

ಬಲ್ಲವರು ಇನ್ನೊಂದು ಉಪಾಯ ಮಾಡುತ್ತಿದ್ದರು. ಹೊಸ ಯುಎಸ್‌ಪಿ10 ಕಡತವನ್ನು ಒಂದು ತಂತ್ರಾಂಶದ ಫೋಲ್ಡರಿಗೇ ನಕಲು ಮಾಡುವುದು. ಅದು ಮನೆ ಬಾವಿ ಇದ್ದಂತೆ, ಆ ತಂತ್ರಾಂಶಕ್ಕೆ ಮಾತ್ರ ನೀರು. ಸಿಸ್ಟಮ್ ಫೋಲ್ಡರಿನಲ್ಲಿರುವುದು ಊರ ಬಾವಿ, ಎಲ್ಲರಿಗೂ ಸಿಗುತ್ತದೆ. ಆದರೆ ಅಲ್ಲಿ ಕೈಯಾಡಿಸಲು ವಿಂಡೋಸ್ ಬಿಡುತ್ತಿರಲಿಲ್ಲ, ಬದಲಿಸಿದರೆ ಹಳೆಯದನ್ನೇ ತಂದು ಕೂರಿಸುತ್ತಿತ್ತು. ನನಗೇನೋ ಅದು ಸರಿಯೇ ಅನ್ನಿಸುತ್ತದೆ. ಊರ ಬಾವಿಗೆ ಯಾರೋ ಏನೋ ಸುರಿದರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ.

2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಫಾಂಟ್ ಸೇರಿತು. ಆಂಡ್ರಾಯ್ಡ್ ಫೋನಿನಲ್ಲಿ ಒತ್ತಕ್ಷರ ಜೋಡಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ. ಅದನ್ನು ನೀವು ಹಾಕಿಕೊಂಡಿಲ್ಲ, ಫೋನಿನ ಜೊತೆಗೇ ಬಂದಿದೆ.

ಉಳಿದಿರುವುದು ಹಳೆಯ ಕಡತಗಳು. ಸಂಘದ ನಡಾವಳಿ, ವಿಭಾಗ ಪತ್ರದ ಕರಡು, ಊರ ಪತ್ರಿಕೆಯ ಸಂಚಿಕೆಗಳು ಇನ್ನೂ ಆ ಹಳೇ ಫಾಂಟಿನಲ್ಲೇ ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಮಲಗಿವೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅಂಗಡಿಯವರು ಹಳೇ ಮೆಷಿನ್ನನ್ನು ಗುಜರಿಗೆ ಹಾಕುವ ಮೊದಲು ನಿಮ್ಮ ಕಡತ ಕೇಳಿ ತನ್ನಿ.