ಮನೆಯ ಗಾಳಿಕೊಳವೆ: ಜಗಳೂರು ಸೀಮೆಯಲ್ಲಿ ಬೆಳೆದುಬಂದ ಬಗೆ

ಮನೆಯೊಳಗಿನ ಹೊಗೆ, ಉಗಿ, ಜಿಡ್ಡು, ಸೆಕೆಗಳನ್ನು ಹೊರಹಾಕಲು ಗೋಡೆಯಲ್ಲೋ ಮಾಳಿಗೆಯಲ್ಲೋ ಬಿಡುವ ದಾರಿಯೇ ಗಾಳಿಕೊಳವೆ. ಇಂದು ಅಂಗಡಿಯಲ್ಲಿ ಸಿಗುವುದು ತಂತಿಯ ಸುರುಳಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ, ಎಳೆದರೆ ಉದ್ದವಾಗುವ, ಬೇಕಾದತ್ತ ಬಾಗುವ ಪೈಪು. ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಅಡುಗೆಮನೆಗೆ ಅದು ಬಂದದ್ದು ಈಚೆಗೆ. ಅದು ಮಾಡುವ ಕೆಲಸವಾದರೋ ಇಲ್ಲಿ ಬಹಳ ಹಳೆಯದು. ಹಳೆಯ ಮನೆಗಳಿಗೆ ನೆತ್ತಿಯಲ್ಲೊಂದು ಬಾಯಿ ಇತ್ತು. ಕಾಂಕ್ರೀಟು ಅದನ್ನು ಮುಚ್ಚಿತು. ಮುಚ್ಚಿದ ಬಾಯನ್ನು ಗೋಡೆಯಲ್ಲಿ ಮತ್ತೆ ತೆರೆಯುವ ಪ್ರಯತ್ನವೇ ಈ ಕೊಳವೆ. ಅಲ್ಲಿಂದ ಇಲ್ಲಿಯವರೆಗಿನ ಹಾದಿಯಲ್ಲಿ ಕೊನೆಯ ಸರದಿ ಸದಾ ಒಲೆಯ ಮುಂದೆ ಕೂತವಳದ್ದೇ ಆಗಿತ್ತು.

ಮಾಳಿಗೆ ಮನೆ ಮತ್ತು ಗವಾಕ್ಷಿ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾದದ್ದು ಆಮೇಲೆ. ಮನೆ ಕಟ್ಟುವ ರೀತಿಯೂ ಈ ಎರಡು ಸೀಮೆಗಳ ನಡುವೆ ಒಡೆದು ಕಾಣುತ್ತಿತ್ತು. ಮಳೆ ಹೆಚ್ಚಿದ್ದ ಚನ್ನಗಿರಿ, ನ್ಯಾಮತಿಯ ಕಡೆ ಇಳಿಜಾರು ಸೂರು, ನಾಡಹೆಂಚು. ಹೆಂಚಿನ ಸಂದುಗಳಲ್ಲಿ ಹೊಗೆ ತಾನಾಗಿ ಸೋರಿ ಹೋಗುತ್ತಿತ್ತು. ಮಳೆ ಕಡಿಮೆಯ, ಬಿಸಿಲು ಜೋರಿನ ಜಗಳೂರಿನ ಕಡೆ ಮಣ್ಣಿನ ಮಾಳಿಗೆ: ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತೆ, ಅದರ ಮೇಲೆ ಕಡ್ಡಿ, ಸೊಪ್ಪು, ಕೊನೆಗೆ ನೀರಿಳಿಯದಂತೆ ಹದಮಾಡಿ ಬಡಿದ ಕರ್ಲು ಮಣ್ಣು. ಬಿಸಿಲಿಗೂ ಕಳ್ಳರಿಗೂ ಹೆದರಿ ಕಿಟಕಿ ಇಡುತ್ತಿದ್ದುದು ಕಡಿಮೆ. ಮುಂದಿನ ಅಂಕಣದಲ್ಲಿ ಎತ್ತು, ಹಿಂದಿನದರಲ್ಲಿ ಒಲೆ.

ಇಂಥ ಮನೆಗೆ ಉಸಿರು ಕೊಡುತ್ತಿದ್ದುದು ಗವಾಕ್ಷಿ. ಮಾಳಿಗೆಯ ಮಣ್ಣಿನಲ್ಲಿ ಒಂದು ಕಿಂಡಿ ಬಿಟ್ಟು, ಅಂಚು ಕುಸಿಯದಂತೆ ಕಲ್ಲಿನ ಚೌಕಟ್ಟನ್ನೋ ತಳ ಒಡೆದ ಗಡಿಗೆಯನ್ನೋ ಕೂರಿಸುತ್ತಿದ್ದರು. ಬೆಳಕು ಇಳಿಯುವುದೂ ಅಲ್ಲೇ, ಹೊಗೆ ಏರುವುದೂ ಅಲ್ಲೇ. ಬಿಸಿಗಾಳಿ ಹಗುರ, ಅದು ಮೇಲಕ್ಕೆ ಹೋಗುತ್ತದೆ. ಹೋದಷ್ಟೂ ಬಾಗಿಲಿನಿಂದ ತಂಪು ಗಾಳಿ ಒಳಗೆ ಬರುತ್ತದೆ. ಫ್ಯಾನಿಲ್ಲ, ಖರ್ಚಿಲ್ಲ. ಮೋಡ ಕವಿದರೆ ಯಾರಾದರೂ ಏಣಿ ಹತ್ತಿ ಗವಾಕ್ಷಿಗೆ ಚಪ್ಪಡಿ ಎಳೆಯಬೇಕಿತ್ತು. ಎಳೆದ ಮೇಲೆ ಮಳೆ ನಿಲ್ಲುವವರೆಗೂ ಹಸಿಕಟ್ಟಿಗೆಯ ಹೊಗೆಯೆಲ್ಲ ಮನೆಯೊಳಗೇ ಉಳಿಯುತ್ತಿತ್ತು. ಊದುಗೊಳವೆ ಹಿಡಿದು ಕಣ್ಣೊರೆಸಿಕೊಂಡ ಹೆಂಗಸರ ಕಷ್ಟ ಮಳೆಗಾಲದಲ್ಲಿ ಇಮ್ಮಡಿ. ಹೊಗೆಯಿಂದ ಉಪಕಾರವೂ ಇತ್ತು ಎನ್ನಬೇಕು. ಜಂತೆಗೆ ಕರಿ ಕಟ್ಟಿದಲ್ಲಿ ಗೆದ್ದಲು, ಹುಳು ಸುಳಿಯುತ್ತಿರಲಿಲ್ಲ. ಬಿತ್ತನೆಯ ತೆನೆಗಳನ್ನು ಒಲೆಯ ಮೇಲಿನ ಜಂತೆಗೇ ಕಟ್ಟುತ್ತಿದ್ದರು. ಆದರೆ ತೊಲೆಯಿಂದ ಜೋತುಬಿದ್ದ ಇಲ್ಲಣವನ್ನು ವರ್ಷಕ್ಕೊಮ್ಮೆ ಹಬ್ಬಕ್ಕೆ ಹೊಡೆಯಬಹುದಿತ್ತು, ಶ್ವಾಸಕೋಶಕ್ಕೆ ಕಟ್ಟಿದ್ದನ್ನು ಹೊಡೆಯುವಂತಿರಲಿಲ್ಲ.

ಗಾಳಿ ಕೆಟ್ಟರೆ ಏನಾಗುತ್ತದೆಂದು ಈ ಸೀಮೆಯ ರೈತರಿಗೆ ಹಗೇವು ಕಲಿಸಿತ್ತು. ನೆಲದಡಿಯ ಗುಂಡಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ಕಾಳಿನ ಉಸಿರಾಟದಿಂದಲೇ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಒಳಗೆ ಹುಳು ಬದುಕದಿರುವುದು ಅದರಿಂದಲೇ. ಆತುರಪಟ್ಟು ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಹಗೇವು ತೆಗೆಯುವಾಗ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ತಳದಲ್ಲೂ ದೀಪ ಉರಿದರೆ ಮಾತ್ರ ಆಳು ಇಳಿಯುವುದು. ಗಾಳಿಯ ಪರೀಕ್ಷೆಗೆ ಇದಕ್ಕಿಂತ ನೇರವಾದ ಉಪಾಯ ಹಳ್ಳಿಯಲ್ಲಿ ಬೇರೊಂದಿರಲಿಲ್ಲ.

ಹೆಂಚು, ಪ್ಲೇಗು, ಕಾಂಕ್ರೀಟು

1865ರಲ್ಲಿ ಬಾಸೆಲ್ ಮಿಷನ್ನಿನ ಗೇಯೊರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ಜತೆಗೆ ಗಾಜಿನ ಹೆಂಚು, ಕಿಂಡಿ ಹೆಂಚುಗಳೂ ಬಂದವು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಾಗ ಜನ ಊರು ತೊರೆದು ಹೊಲದ ಗುಡಿಸಲು ಸೇರಿದರು. ಗಾಳಿ, ಬೆಳಕು ಎಂಬುದು ಅಲ್ಲಿಯವರೆಗೆ ಮನೆಯವರ ವಿಚಾರವಾಗಿತ್ತು, ಅಲ್ಲಿಂದ ಮುಂದೆ ರೋಗ ತಡೆಯುವ ಸಲುವಾಗಿ ಸರ್ಕಾರದ ವಿಚಾರವೂ ಆಯಿತು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. ಒಣ ಬಿಸಿಲಿನ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಬೇಕು, ತೇವದ ಬಿಸಿ ಪ್ರದೇಶದಲ್ಲಿ ಆರನೇ ಒಂದು ಭಾಗ ಎಂದು ಅದು ಹೇಳುತ್ತದೆ.  ಮಾಳಿಗೆ ಮನೆ ಕಟ್ಟಿದವರು ಸಣ್ಣ ಕಿಂಡಿಗಳಲ್ಲೇ ಬದುಕಿದ್ದಕ್ಕೆ ಹವೆಯ ಕಾರಣವೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ಕಾಂಕ್ರೀಟಿನ ಆರ್‌ಸಿಸಿ ಚಾವಣಿ ಬಂದಾಗ ಸೋರುವ ಚಿಂತೆ ತಪ್ಪಿತು, ಪ್ರತಿವರ್ಷ ಮಣ್ಣು ಹೊತ್ತು ಮಾಳಿಗೆ ಮೆತ್ತುವ ದುಡಿತ ತಪ್ಪಿತು. ಜನ ಅದನ್ನು ಮೆಚ್ಚಿದ್ದು ನ್ಯಾಯವೇ. ಆದರೆ ಆ ಹಲಗೆಯಲ್ಲಿ ಗವಾಕ್ಷಿಗೆ ಜಾಗವಿರಲಿಲ್ಲ. ಕಿಟಕಿಯ ಮೇಲೆ ಒಂದಡಿಯ ವೆಂಟಿಲೇಟರ್ ಬಿಟ್ಟರೆ ಮುಗಿಯಿತು. ಸೊಳ್ಳೆ, ದೂಳು ಎಂದು ಅದಕ್ಕೂ ಗಾಜು ಬಿಗಿದರು. ಸರ್ಕಾರಿ ಯೋಜನೆಯ ಒಂದೇ ಕೋಣೆಯ ಜನತಾ ಮನೆಗಳಲ್ಲಿ ಮಲಗುವುದು, ಬೇಯಿಸುವುದು ಒಂದೇ ಗಾಳಿಯಲ್ಲಿ ನಡೆಯಿತು.

ಅಸ್ತ್ರ ಒಲೆಯ ಕೊಳವೆ

ಅಡುಗೆಯ ಹೊಗೆಗೆ ಕೊಳವೆ ಹಾಕುವ ಯೋಚನೆ ಭಾರತದಲ್ಲಿ ಆಗಲೇ ಇತ್ತು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲೇ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕ ಬರೆದಿದ್ದರು. ಕರ್ನಾಟಕದಲ್ಲಿ ಅದು ಹಳ್ಳಿಯ ಮಾತಾದದ್ದು ಅಸ್ತ್ರ ಒಲೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯ ಇಂಧನದ ಲೆಕ್ಕ ಹಾಕಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆ ಇಡುವ, ಕಟ್ಟಿಗೆ ಉಳಿಸುವ, ಹೊಗೆಕೊಳವೆ ಇರುವ ಒಲೆ ರೂಪಿಸಿದರು. 1983ರ ಸುಮಾರಿಗೆ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಶುರುವಾಗಿ ದೇಶದಾದ್ಯಂತ ಇಂಥ ಒಲೆಗಳು ಹಬ್ಬಿದವು. 2002ರಲ್ಲಿ ಕಾರ್ಯಕ್ರಮ ನಿಂತಿತು.

ಆ ಒಲೆಯ ಪಾಠ ಇಂದಿನ ಕೊಳವೆಗೂ ಅನ್ವಯಿಸುತ್ತದೆ. ಕೊಳವೆಯ ಒಳಗೆ ಕಟ್ಟಿದ ಮಸಿಯನ್ನು ಆಗಾಗ ತೆಗೆದ ಮನೆಗಳಲ್ಲಿ ಒಲೆ ವರ್ಷಗಟ್ಟಲೆ ಉರಿಯಿತು. ತೆಗೆಯದಿದ್ದಲ್ಲಿ ಹೊಗೆ ಹಿಂದಿರುಗಿತು, ಒಲೆಗೆ ಕೆಟ್ಟ ಹೆಸರು ಬಂತು. ತಪ್ಪು ಒಲೆಯದ್ದಲ್ಲ. ಕಟ್ಟಿಕೊಟ್ಟವರು ಮರಳಿ ಬಂದು ನೋಡುವ ಏರ್ಪಾಡು ಸಾಕಷ್ಟಿರಲಿಲ್ಲ.

ಬಾಗುವ ಕೊಳವೆ

ಯಂತ್ರದಿಂದ ಗಾಳಿ ತಳ್ಳುವುದು ಮನೆಗಿಂತ ಮೊದಲು ಗಣಿ, ಗಿರಣಿಗಳಲ್ಲಿ ಬೆಳೆಯಿತು. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿದ್ದರಿಂದ ತಣಿಸಿದ ಗಾಳಿ ಕಳಿಸದೆ ಕೆಲಸ ಸಾಗುತ್ತಿರಲಿಲ್ಲ. ಮನೆಗೆ ಮೊದಲು ಬಂದದ್ದು ಎಕ್ಸಾಸ್ಟ್ ಫ್ಯಾನು. ಗೋಡೆಯಲ್ಲಿ 9 ಅಥವಾ 12 ಇಂಚಿನ ತೂತು, ಅಷ್ಟೆ. ಗ್ಯಾಸ್ ಒಲೆ, ಗ್ರಾನೈಟ್ ಕಟ್ಟೆಯ ಬೆನ್ನಲ್ಲೇ ಕಿಚನ್ ಚಿಮಣಿ ಬಂದಾಗ ಒಲೆಗೂ ಹೊರಗೋಡೆಗೂ ನಡುವಿನ ದಾರಿಗೆ ಬಾಗುವ ಕೊಳವೆ ಬೇಕಾಯಿತು.

ಅದನ್ನು ಅಳವಡಿಸುವುದು ಅರ್ಧ ಗಂಟೆಯ ಕೆಲಸದಂತೆ ಕಾಣುತ್ತದೆ, ಕೆಡುವುದೂ ಅದರಿಂದಲೇ. ಕೊಳವೆಯನ್ನು ಪೂರ್ತಿ ಎಳೆದು ಬಿಗಿಯಾಗಿ ಹಾಕಬೇಕು. ಕುಗ್ಗಿದ ಹಾಗೇ ಬಿಟ್ಟರೆ ಒಳಗಿನ ಮಡಿಕೆಗಳು ಗಾಳಿಯನ್ನು ತಡೆದು ಜಿಡ್ಡನ್ನು ಹಿಡಿದುಕೊಳ್ಳುತ್ತವೆ. ಹೆಚ್ಚಾದ ಉದ್ದವನ್ನು ಕತ್ತರಿಸಲು ಮನಸ್ಸು ಬಾರದೆ ಅಟ್ಟದ ಮೇಲೆ ಸುತ್ತಿಡುವುದು ಸಾಮಾನ್ಯ ತಪ್ಪು. ಬಾಗು ಇದ್ದರೆ ಕೊಳವೆಯ ಅಡ್ಡಗಲಕ್ಕಿಂತ ಕಿರಿದಾದ ತಿರುವು ಕೂಡದು. ನಾಲ್ಕೈದು ಅಡಿಗೊಂದು ಪಟ್ಟಿಯ ಆಸರೆ ಬೇಕು. ಗೋಡೆಯ ತೂತು ಮಳೆನೀರು ಒಳಗಿಳಿಯದಂತೆ ಹೊರಕ್ಕೆ ವಾಲಬೇಕು. ಸೇರುವೆಗೆ ಸುತ್ತಿದ ಬಟ್ಟೆಯ ಟೇಪು ಶಾಖಕ್ಕೆ ಬಿಟ್ಟುಕೊಳ್ಳುತ್ತದೆ, ಅಲ್ಯೂಮಿನಿಯಂ ಟೇಪೂ ಕ್ಲಾಂಪೂ ಸರಿ. 6 ಇಂಚಿನ ಚಿಮಣಿಗೆ ಗೋಡೆಯಲ್ಲಿ ಮೊದಲೇ ಇದ್ದ 4 ಇಂಚಿನ ಪೈಪು ಸಾಕು ಎನ್ನುವವರಿದ್ದಾರೆ. ಅಷ್ಟೇ ಗಾಳಿ ಆ ಪೈಪಿನಲ್ಲಿ ಹೋಗಬೇಕಾದರೆ ತಡೆ ಸುಮಾರು ಏಳೂವರೆ ಪಟ್ಟು ಏರುತ್ತದೆ. ಮೋಟಾರು ಅರಚುತ್ತದೆ, ಹೊಗೆ ಕೋಣೆಯಲ್ಲೇ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಒಳಬರುವ ಗಾಳಿಯನ್ನು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವುದು ಸುಮಾರು 23 ಘನ ಮೀಟರ್ ಗಾಳಿ. ಗಂಟೆಗೆ 1000 ಘನ ಮೀಟರ್ ಎಳೆಯುವ ಚಿಮಣಿ ಅಷ್ಟನ್ನು ಒಂದೂವರೆ ನಿಮಿಷದೊಳಗೆ ಹೊರಹಾಕುತ್ತದೆ. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಅದು ಎಲ್ಲಿಂದ ಎಳೆಯಬೇಕು? ಸಿಕ್ಕ ಸಂದಿನಿಂದ. ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿದ್ದರೆ ಅದರ ಹೊಗೆಯನ್ನು, ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅದರ ಕಾರ್ಬನ್ ಮಾನಾಕ್ಸೈಡನ್ನು ಮನೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ. ಚಿಮಣಿ ಹಾಕಿದ ಮನೆಯಲ್ಲಿ ಕಿಟಕಿಯ ಒಂದು ರೆಕ್ಕೆ ತೆರೆದಿರಲೇಬೇಕು.

ಇಂದಿನ ಸ್ಥಿತಿ

2016ರ ಕೇಂದ್ರದ ಉಜ್ವಲ, 2017ರಲ್ಲಿ ರಾಜ್ಯದ ಅನಿಲ ಭಾಗ್ಯ ಯೋಜನೆಗಳಿಂದ ಬಡವರ ಮನೆಗೂ ಸಿಲಿಂಡರು ಬಂತು. ಆದರೂ ಚಹಾ, ಸಾರಿಗೆ ಗ್ಯಾಸು, ರೊಟ್ಟಿ, ಮುದ್ದೆ, ಸ್ನಾನದ ನೀರಿಗೆ ಕಟ್ಟಿಗೆ ಎಂಬ ಹಂಚಿಕೆ ಹಳ್ಳಿಗಳಲ್ಲಿ ಉಳಿದಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಾಗುವ ಕೊಳವೆ ತಲುಪಿರುವುದು ಹೊಗೆ ಕಡಿಮೆಯಿರುವ ಗ್ಯಾಸಿನ ಕಟ್ಟೆಗೆ. ಕಟ್ಟಿಗೆ ಒಲೆಯಿರುವ, ಹೊಗೆ ಹೆಚ್ಚಿರುವ ಹಿತ್ತಲಿನ ತಗಡಿನ ಸೂರಿಗೆ ಇನ್ನೂ ಯಾವ ಕೊಳವೆಯೂ ಹೋಗಿಲ್ಲ. ಅಲ್ಲಿಗೆ ಅಲ್ಯೂಮಿನಿಯಂ ಹಾಳೆಯ ಪೈಪು ಒದಗುವುದೂ ಇಲ್ಲ, ಕಟ್ಟಿಗೆಯ ಕಿಡಿ, ಮಸಿಗೆ ಅದು ಬಾಳುವುದಿಲ್ಲ. ಗಟ್ಟಿ ತಗಡಿನ ನೆಟ್ಟನೆಯ ಕೊಳವೆ, ಸೂರಿನಿಂದ ಎರಡಡಿಯಾದರೂ ಮೇಲೆ, ತುದಿಗೊಂದು ಟೋಪಿ, ಬುಡದಲ್ಲಿ ಮಸಿ ತೆಗೆಯಲೊಂದು ಬಾಗಿಲು: ಆ ಒಲೆಗೆ ಬೇಕಾದದ್ದು ಇಷ್ಟು.