ಸ್ವಿಚಿಂಗ್ ಪವರ್ ಸಪ್ಲೈಗಳಲ್ಲಿ ಪ್ರವಾಹ ನಿಯಂತ್ರಣ

ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದೇ ಕರೆಸಿಕೊಳ್ಳುವ ಸ್ವಿಚಿಂಗ್ ಪವರ್ ಸಪ್ಲೈ, ಟ್ರಾನ್ಸಿಸ್ಟರೊಂದನ್ನು ಸೆಕೆಂಡಿಗೆ ಸಾವಿರಾರು ಬಾರಿ ಆನ್ ಮತ್ತು ಆಫ್ ಮಾಡಿ, ಇಂಡಕ್ಟರ್ ಇಲ್ಲವೇ ಟ್ರಾನ್ಸ್‌ಫಾರ್ಮರಿನ ಮೂಲಕ ಶಕ್ತಿಯನ್ನು ಕಂತುಕಂತಾಗಿ ಲೋಡಿಗೆ ದಾಟಿಸುತ್ತದೆ. ಅದರ ಔಟ್‌ಪುಟ್ ವೋಲ್ಟೇಜ್ ಸ್ಥಿರವಾಗಿರಬೇಕೆಂಬುದು ಮೊದಲಿನಿಂದಲೂ ಇದ್ದ ಗುರಿ. ಪ್ರವಾಹಕ್ಕೆ ಸಿಕ್ಕ ಸ್ಥಾನ ಮಾತ್ರ ಬದಲಾಗುತ್ತ ಬಂದಿದೆ. ಆರಂಭದಲ್ಲಿ ಅದು ಮಿತಿ ಮೀರದಂತೆ ಕಾಯಬೇಕಾದ ಅಪಾಯವಾಗಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಇಡೀ ಸಪ್ಲೈಯನ್ನು ಹಿಡಿತದಲ್ಲಿಡುವ ಕೀಲಿಯಾಯಿತು. ಎಲ್‌ಇಡಿ ದೀಪಗಳೂ ಲಿಥಿಯಂ ಬ್ಯಾಟರಿಗಳೂ ಬಂದ ಮೇಲೆ, ಸ್ಥಿರ ಪ್ರವಾಹವನ್ನು ಕೊಡುವುದೇ ಅನೇಕ ಸಪ್ಲೈಗಳ ಕೆಲಸವಾಗಿದೆ.

ಸ್ವಿಚಿಂಗ್‌ಗೆ ಮೊದಲಿನ ಲೀನಿಯರ್ ರೆಗ್ಯುಲೇಟರುಗಳಲ್ಲಿ ಕಾಳಜಿಯೆಲ್ಲ ಶಾಖದ ಬಗ್ಗೆ. 20 ವೋಲ್ಟನ್ನು 5 ವೋಲ್ಟಿಗೆ ಇಳಿಸಿ 2 ಆಂಪಿಯರ್ ಕೊಡುವ ಟ್ರಾನ್ಸಿಸ್ಟರ್ 30 ವ್ಯಾಟ್ ಶಾಖ ಸಹಿಸಬೇಕು. ಔಟ್‌ಪುಟ್ ಶಾರ್ಟ್ ಆದರೆ, ಪ್ರವಾಹವನ್ನು 2 ಆಂಪಿಯರಿಗೇ ಮಿತಗೊಳಿಸಿದ್ದರೂ ಅದು 40 ವ್ಯಾಟ್‌ಗೆ ಏರುತ್ತದೆ. ಫ್ಯೂಸ್ ಕರಗುವ ಮುನ್ನವೇ ಟ್ರಾನ್ಸಿಸ್ಟರ್ ಸುಟ್ಟಿರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಫೋಲ್ಡ್‌ಬ್ಯಾಕ್: ವೋಲ್ಟೇಜ್ ಕುಸಿದಂತೆ ಪ್ರವಾಹದ ಮಿತಿಯನ್ನೂ ಕುಗ್ಗಿಸುವುದು. ಆದರೆ ಶುರುವಾಗುವಾಗಲೇ ಹೆಚ್ಚು ಪ್ರವಾಹ ಎಳೆಯುವ ಮೋಟಾರಿನಂಥ ಲೋಡ್ ಜೋಡಿಸಿದರೆ, ಫೋಲ್ಡ್‌ಬ್ಯಾಕ್ ಸಪ್ಲೈ ಮೇಲೇಳಲಾರದೆ ಕೆಳಗೇ ಸಿಕ್ಕಿಕೊಳ್ಳುವುದುಂಟು. ಪ್ರಯೋಗಾಲಯದ ಸಪ್ಲೈಗಳು ಹೆಚ್ಚು ಸೊಗಸಾದ ದಾರಿ ಹಿಡಿದವು: ನಿಗದಿತ ಮಿತಿಯವರೆಗೆ ಸ್ಥಿರ ವೋಲ್ಟೇಜ್, ಅಲ್ಲಿಂದಾಚೆ ತಾನಾಗಿಯೇ ಸ್ಥಿರ ಪ್ರವಾಹ. ಇಂದಿಗೂ ಬೆಂಚ್ ಸಪ್ಲೈಗಳ ಮುಖದ ಮೇಲೆ ಸಿವಿ ಮತ್ತು ಸಿಸಿ ಎಂಬ ಎರಡು ಪುಟ್ಟ ದೀಪಗಳು ಇದನ್ನೇ ತೋರಿಸುತ್ತವೆ.

ಸ್ವಿಚಿಂಗ್ ಸಪ್ಲೈ ಬಾಹ್ಯಾಕಾಶ ಮತ್ತು ಸೇನಾ ಉಪಕರಣಗಳಲ್ಲಿ ಮೊದಲು ನೆಲೆಯೂರಿತು; 1962ರ ಟೆಲ್‌ಸ್ಟಾರ್ ಉಪಗ್ರಹದಲ್ಲಿಯೂ ಅದಿತ್ತು. ಸ್ವಿಚಿಂಗ್ ಸಪ್ಲೈಯಲ್ಲಿ ಅಪಾಯದ ಸ್ವರೂಪವೇ ಬೇರೆ. ಟ್ರಾನ್ಸಿಸ್ಟರ್ ಆನ್ ಇದ್ದಾಗ ಇಂಡಕ್ಟರಿನ ಪ್ರವಾಹ ಓರೆಯಾಗಿ ಏರುತ್ತದೆ, ಆಫ್ ಆದಾಗ ಇಳಿಯುತ್ತದೆ. ಇಳಿಸುವ ಬಲ ಔಟ್‌ಪುಟ್ ವೋಲ್ಟೇಜಿನದು. ಶಾರ್ಟ್ ಆದೊಡನೆ ಆ ವೋಲ್ಟೇಜ್ ಸೊನ್ನೆಯ ಹತ್ತಿರ ಬರುತ್ತದೆ. ಏರಿದ ಪ್ರವಾಹ ಸಾಕಷ್ಟು ಇಳಿಯುವ ಮೊದಲೇ ಮುಂದಿನ ಸುತ್ತು ಶುರುವಾಗಿ, ಪ್ರತಿ ಸುತ್ತಿನಲ್ಲೂ ಒಂದೊಂದು ಮೆಟ್ಟಿಲು ಮೇಲೆ ಹೋಗುತ್ತದೆ. ಕೊನೆಗೆ ಇಂಡಕ್ಟರಿನ ಕೋರ್ ಸ್ಯಾಚುರೇಟ್ ಆದರೆ ಪ್ರವಾಹ ಒಮ್ಮೆಲೇ ಚಿಮ್ಮುತ್ತದೆ. ಸರಾಸರಿ ಪ್ರವಾಹವನ್ನು ನಿಧಾನವಾಗಿ ಅಳೆಯುವ ಕಾವಲು ಇಲ್ಲಿ ತಡವಾಗಿ ಎಚ್ಚರಗೊಳ್ಳುತ್ತದೆ.

1976ರಲ್ಲಿ ಸಿಲಿಕಾನ್ ಜನರಲ್ ಕಂಪನಿಯ ಬಾಬ್ ಮಮಾನೊ ರೂಪಿಸಿದ ಎಸ್‌ಜಿ1524, ಟ್ರಾನ್ಸಿಸ್ಟರನ್ನು ಆನ್ ಇಡುವ ಪಲ್ಸಿನ ಅಗಲದ ನಿಯಂತ್ರಣವನ್ನು ಒಂದೇ ಐಸಿಯೊಳಗೆ ತಂದಿತು. ಅದರಲ್ಲಿ ಪ್ರವಾಹ ಮಿತಿಗೆಂದೇ ಒಂದು ಆಂಪ್ಲಿಫೈಯರ್ ಇತ್ತು. ಪ್ರವಾಹವನ್ನು ಅಳೆಯಲು ಹಾಕಿದ ಸೆನ್ಸ್ ರೆಸಿಸ್ಟರಿನ ಮೇಲೆ 200 ಮಿಲಿವೋಲ್ಟ್ ಕಂಡರೆ ಅದು ಪಲ್ಸನ್ನು ಕಿರಿದಾಗಿಸುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಲ್494ರಲ್ಲಿ ಎರಡು ಎರರ್ ಆಂಪ್ಲಿಫೈಯರುಗಳಿದ್ದವು: ಒಂದು ವೋಲ್ಟೇಜಿಗೆ, ಇನ್ನೊಂದನ್ನು ಬೇಕಾದರೆ ಪ್ರವಾಹಕ್ಕೆ ಬಳಸಬಹುದಿತ್ತು. ಪಿಸಿಗಳ ಸಪ್ಲೈಗಳಲ್ಲಿ ಈ ಐಸಿ ದಶಕಗಳ ಕಾಲ ಉಳಿಯಿತು. ಎರಡರಲ್ಲೂ ಪ್ರವಾಹ ಇನ್ನೂ ಕಾವಲುಗಾರನೇ, ಯಜಮಾನನಲ್ಲ.

ತಿರುವು ಬಂದದ್ದು 1978ರಲ್ಲಿ. ಆ ವರ್ಷದ ಪವರ್ ಎಲೆಕ್ಟ್ರಾನಿಕ್ಸ್ ತಜ್ಞರ ಸಮ್ಮೇಳನದಲ್ಲಿ ಬೆಲ್ ಲ್ಯಾಬ್ಸ್‌ನ ಸೆಸಿಲ್ ಡೈಷ್, ಸರಳವಾದ ಒಂದು ಸ್ವಿಚಿಂಗ್ ವಿಧಾನದಿಂದ ಕನ್ವರ್ಟರನ್ನು ಪ್ರವಾಹದ ಮೂಲವಾಗಿ ಮಾರ್ಪಡಿಸಬಹುದೆಂದು ತೋರಿಸಿದರು. ಅದೇ ಸಮ್ಮೇಳನದಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರರಾದ ಕಾಪೆಲ್, ಓಸುಲ್ಲಿವನ್, ವೈನ್‌ಬರ್ಗ್ ಮೊದಲಾದವರೂ ಇದೇ ದಿಕ್ಕಿನ ಕೆಲಸ ಮಂಡಿಸಿದರು. ಮರುವರ್ಷ ಕ್ಯಾಲ್‌ಟೆಕ್‌ನ ಮಿಡಲ್‌ಬ್ರೂಕ್ ಮತ್ತು ಸಂಗಡಿಗರು ಅದಕ್ಕೆ ಗಣಿತದ ಮಾದರಿ ಕೊಟ್ಟರು. ಕರೆಂಟ್ ಮೋಡ್ ಎನ್ನಿಸಿಕೊಂಡ ಈ ವಿಧಾನದಲ್ಲಿ ವೋಲ್ಟೇಜ್ ಲೂಪ್ ಪಲ್ಸಿನ ಅಗಲವನ್ನು ನೇರವಾಗಿ ನಿರ್ಧರಿಸುವುದಿಲ್ಲ. ಈ ಸುತ್ತಿನಲ್ಲಿ ಇಂಡಕ್ಟರ್ ಪ್ರವಾಹ ಎಲ್ಲಿಯವರೆಗೆ ಏರಬಹುದು ಎಂದಷ್ಟೇ ಹೇಳುತ್ತದೆ. ಪ್ರವಾಹ ಆ ಮಟ್ಟ ಮುಟ್ಟಿದ ಕ್ಷಣ ಟ್ರಾನ್ಸಿಸ್ಟರ್ ಆಫ್ ಆಗುತ್ತದೆ. ಆ ಮಟ್ಟಕ್ಕೊಂದು ಮೇಲ್ಮಿತಿ ಹಾಕಿದರೆ ಸಾಕು, ಪ್ರತಿ ಸುತ್ತಿನಲ್ಲೂ ರಕ್ಷಣೆ ಬಿಟ್ಟಿಯಾಗಿ ಸಿಗುತ್ತದೆ. ಹಲವು ಸಪ್ಲೈಗಳನ್ನು ಪಕ್ಕಪಕ್ಕ ಜೋಡಿಸಿ ಹೊರೆ ಹಂಚುವುದು, ಪುಷ್-ಪುಲ್ ಟ್ರಾನ್ಸ್‌ಫಾರ್ಮರ್ ಒಂದೇ ಕಡೆಗೆ ವಾಲಿ ಸ್ಯಾಚುರೇಟ್ ಆಗದಂತೆ ನೋಡುವುದು, ಇವೂ ಸುಲಭವಾದವು.

ಹೊಸ ವಿಧಾನ ತನ್ನದೇ ಆದ ಒಂದು ಕಾಯಿಲೆಯನ್ನೂ ತಂದಿತು. ಪ್ರತಿ ಸುತ್ತಿನಲ್ಲಿ ಟ್ರಾನ್ಸಿಸ್ಟರ್ ಆನ್ ಇರುವ ಪಾಲು, ಅಂದರೆ ಡ್ಯೂಟಿ ಸೈಕಲ್, ಅರ್ಧ ದಾಟಿದರೆ ಒಂದು ಸುತ್ತಿನ ಸಣ್ಣ ಏರುಪೇರು ಮುಂದಿನ ಸುತ್ತಿನಲ್ಲಿ ದೊಡ್ಡದಾಗುತ್ತದೆ. ಆನ್ ಅವಧಿಯನ್ನು ಆಫ್ ಅವಧಿಯಿಂದ ಭಾಗಿಸಿದರೆ ಆ ಹಿಗ್ಗುವಿಕೆಯ ಪ್ರಮಾಣ ಸಿಗುತ್ತದೆ: ಶೇ. 40ರಲ್ಲಿ ಅದು ಸುಮಾರು 0.67, ಆದ್ದರಿಂದ ತಾನೇ ಅಡಗುತ್ತದೆ, ಶೇ. 60ರಲ್ಲಿ 1.5, ಆದ್ದರಿಂದ ಬೆಳೆಯುತ್ತಲೇ ಹೋಗುತ್ತದೆ. ಅಗಲ ಪಲ್ಸ್ ಒಂದು, ಕಿರಿದು ಇನ್ನೊಂದು, ಹೀಗೆ ಸರದಿಯಲ್ಲಿ ಬಂದು ಸಪ್ಲೈ ಕೀರಲು ಸದ್ದು ಮಾಡುವುದೂ ಉಂಟು. ಅಳೆದ ಪ್ರವಾಹಕ್ಕೆ ಒಂದು ಕೃತಕ ಇಳಿಜಾರನ್ನು ಸೇರಿಸುವುದೇ ಮದ್ದು. ಪ್ರವಾಹ ಇಳಿಯುವ ವೇಗದ ಅರ್ಧದಷ್ಟು ಇಳಿಜಾರಿದ್ದರೂ ಈ ಅಸ್ಥಿರತೆ ತಪ್ಪುತ್ತದೆ. ಸ್ವಿಚಿಂಗ್ ಆವರ್ತನದ ಅರ್ಧದಲ್ಲಿಯೇ ಈ ತೊಡಕು ಏಕೆ ಕಾಣುತ್ತದೆ ಎಂಬುದನ್ನು ವಿನ್ಯಾಸಕಾರರಿಗೆ ಬಳಸಲು ಬರುವಂಥ ಮಾದರಿಯಾಗಿ ಕೊಟ್ಟವರು ವರ್ಜೀನಿಯಾ ಟೆಕ್‌ನ ರೇ ರಿಡ್ಲಿ. ಅವರ ಡಾಕ್ಟರೇಟ್ ಪ್ರಬಂಧ 1990ರದು. ಕಾರ್ಖಾನೆಗಳು ಅಷ್ಟು ಹೊತ್ತಿಗೆ ಈ ಸಪ್ಲೈಗಳನ್ನು ಸರಾಗವಾಗಿ ತಯಾರಿಸುತ್ತಿದ್ದವು. ಸಿದ್ಧಾಂತ ಕಸುಬಿನ ಹಿಂದೆ ಬರುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ.

ಕರೆಂಟ್ ಮೋಡನ್ನು ಮನೆಮನೆಗೆ ಮುಟ್ಟಿಸಿದ್ದು ಯೂನಿಟ್ರೋಡ್ ಕಂಪನಿ. 1980ರ ದಶಕದ ಮೊದಲ ಭಾಗದಲ್ಲಿ ಅದರ ಯುಸಿ1846, ನಂತರ ಎಂಟು ಕಾಲುಗಳ ಯುಸಿ3842 ಬಂದವು. 3842ರಲ್ಲಿ ಪ್ರವಾಹ ಮಾಪನದ ಮೇಲ್ಮಿತಿ 1 ವೋಲ್ಟ್. ಅರ್ಧ ಓಮ್ ರೆಸಿಸ್ಟರ್ ಹಾಕಿದರೆ ಟ್ರಾನ್ಸಿಸ್ಟರ್ 2 ಆಂಪಿಯರ್ ದಾಟದು. ಅನೇಕ ಕಂಪನಿಗಳು ಇದನ್ನು ನಕಲು ಮಾಡಿದವು. ಟಿವಿ, ಮಾನಿಟರ್‌ಗಳ ಬೋರ್ಡ್ ಬಿಚ್ಚಿದ ರಿಪೇರಿಗಾರರಿಗೆ ಈ ಸಂಖ್ಯೆ ಬಾಯಿಪಾಠ.

ಆದರೂ ಕರೆಂಟ್ ಮೋಡ್ ನಿಯಂತ್ರಿಸುವ ಶಿಖರ ಪ್ರವಾಹ ಮತ್ತು ಸರಾಸರಿ ಪ್ರವಾಹ ಒಂದೇ ಅಲ್ಲ. ಲೋಡಿಗೆ ಸಿಗುವುದು ಸರಾಸರಿ. ಇನ್‌ಪುಟ್ ವೋಲ್ಟೇಜ್ ಬದಲಾದರೆ ಎರಡರ ನಡುವಿನ ಅಂತರವೂ ಬದಲಾಗುವುದರಿಂದ, ಶಿಖರವನ್ನು ಬಿಗಿಹಿಡಿದ ಸಪ್ಲೈ ನಿಖರವಾದ ಪ್ರವಾಹದ ಮೂಲವಾಗಲಾರದು. 1990ರಲ್ಲಿ ಯೂನಿಟ್ರೋಡ್‌ನ ಲಾಯ್ಡ್ ಡಿಕ್ಸನ್, ಪ್ರವಾಹಕ್ಕೇ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟು ಸರಾಸರಿಯನ್ನು ನಿಯಂತ್ರಿಸುವ ಕ್ರಮವನ್ನು ವಿವರವಾಗಿ ಮಂಡಿಸಿದರು. ಪವರ್ ಫ್ಯಾಕ್ಟರ್ ಸರಿಪಡಿಸುವ ಯುಸಿ3854 ಐಸಿ ಇದನ್ನೇ ಆಧರಿಸಿದೆ. ಭಾರತದಲ್ಲಿ ಈ ವಿದ್ಯೆ ಹರಡಿದ ದಾರಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು; ಅಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಮನಾರಾಯಣನ್ ಅವರ ಪಾಠದ ಟಿಪ್ಪಣಿಗಳಲ್ಲಿ ಪ್ರವಾಹಾಧಾರಿತ ನಿಯಂತ್ರಣಕ್ಕೇ ಒಂದು ಅಧ್ಯಾಯವಿದೆ.

ಮುಂದಿನ ಬೇಡಿಕೆ ಪ್ರೊಸೆಸರುಗಳಿಂದ ಬಂತು. ಸುಮಾರು ಒಂದು ವೋಲ್ಟಿನಲ್ಲಿ ನೂರು ಆಂಪಿಯರ್ ಮೀರಿ ಬೇಕಾದಾಗ ಹೊರೆಯನ್ನು ಸಮಾನಾಂತರವಾಗಿ ಕೆಲಸ ಮಾಡುವ ಹಲವು ಫೇಸುಗಳಿಗೆ ಹಂಚಿ, ಪ್ರತಿ ಫೇಸಿನ ಪ್ರವಾಹವನ್ನೂ ಸಮಗೊಳಿಸಬೇಕಾಯಿತು. ಇಷ್ಟು ಪ್ರವಾಹದಲ್ಲಿ ಸೆನ್ಸ್ ರೆಸಿಸ್ಟರ್ ತಾನೇ ಬಿಸಿಯಾಗುವುದರಿಂದ, ಇಂಡಕ್ಟರ್ ಸುರುಳಿಯ ತಾಮ್ರದ ರೋಧವನ್ನೇ ಅಳತೆಗೆ ಬಳಸುವ ಪದ್ಧತಿ ಬೆಳೆಯಿತು. ತಾಮ್ರದ ರೋಧ ಶಾಖಕ್ಕೆ ಏರುತ್ತದೆಯಾದ್ದರಿಂದ ಅದಕ್ಕೂ ತಿದ್ದುಪಡಿ ಬೇಕು.

ಎಲ್‌ಇಡಿಗೆ ಸ್ಥಿರ ವೋಲ್ಟೇಜ್ ಕೊಡುವುದು ಅದರ ಆಯುಸ್ಸಿಗೆ ಕುತ್ತು. ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ಪೂರೈಕೆ ಇಳಿಯದಿದ್ದರೆ ಪ್ರವಾಹ ಏರಿ, ಇನ್ನಷ್ಟು ಬಿಸಿಯಾಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅವೂ ಮೊದಲು ಸ್ಥಿರ ಪ್ರವಾಹ, ತುಂಬುತ್ತ ಬಂದಾಗ ಸ್ಥಿರ ವೋಲ್ಟೇಜ್ ಕೇಳುತ್ತವೆ. ಅಗ್ಗದ ಚಾರ್ಜರುಗಳಿಗಾಗಿ 2000ರ ದಶಕದಲ್ಲಿ ಔಟ್‌ಪುಟ್ ಕಡೆಯನ್ನು ಮುಟ್ಟದೆಯೇ ಪ್ರವಾಹ ಲೆಕ್ಕಹಾಕುವ ಐಸಿಗಳು ಹರಡಿದವು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಪ್ರವಾಹದ ಶಿಖರ, ಸುತ್ತುಗಳ ಅನುಪಾತ ಮತ್ತು ಪ್ರತಿ ಸ್ವಿಚಿಂಗ್ ಅವಧಿಯಲ್ಲಿ ಸೆಕೆಂಡರಿ ಖಾಲಿಯಾಗಲು ಹಿಡಿಯುವ ಸಮಯದ ಪಾಲು, ಈ ಮೂರು ತಿಳಿದರೆ ಔಟ್‌ಪುಟ್ ಪ್ರವಾಹವೂ ತಿಳಿಯುತ್ತದೆ. 2015ರ ಜನವರಿಯಲ್ಲಿ ಶುರುವಾದ ಕೇಂದ್ರದ ಉಜಾಲಾ ಯೋಜನೆ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಹಂಚಿತು. ಇಂಥ ಬಲ್ಬು ಕೆಟ್ಟಾಗ ಅನೇಕ ವೇಳೆ ಎಲ್‌ಇಡಿ ಸರಿಯಾಗಿಯೇ ಇದ್ದು, ಬುಡದಲ್ಲಿರುವ ಪ್ರವಾಹ ನಿಯಂತ್ರಕ, ಅಂದರೆ ಡ್ರೈವರ್, ಸತ್ತಿರುತ್ತದೆ.

ಪ್ರವಾಹದ ಮಿತಿಯನ್ನು ಈಗ ಲೋಡೇ ಹೇಳಿ ತರಿಸಿಕೊಳ್ಳುತ್ತದೆ. 2017ರಲ್ಲಿ ಯುಎಸ್‌ಬಿ ಪವರ್ ಡೆಲಿವರಿ ಮಾನದಂಡಕ್ಕೆ ಸೇರಿದ ಪಿಪಿಎಸ್ ಕ್ರಮದಲ್ಲಿ, ಫೋನು ಚಾರ್ಜರಿನಿಂದ ವೋಲ್ಟೇಜನ್ನು 20 ಮಿಲಿವೋಲ್ಟ್ ಹಂತಗಳಲ್ಲಿಯೂ ಪ್ರವಾಹ ಮಿತಿಯನ್ನು 50 ಮಿಲಿಆಂಪಿಯರ್ ಹಂತಗಳಲ್ಲಿಯೂ ಕೇಳಬಹುದು.